ಗಾಣದ ಎಣ್ಣೆ ಬೇಕು, ಕುಸುಬಿ ಎಲ್ಲಿ?
ಬ್ಯಾಡಗಿ ಮೆಣಸಿನಕಾಯಿಯ ರಂಜಕಕ್ಕೆ ಹಸಿ ಕುಸುಬಿ ಎಣ್ಣೆ ಹಾಕಿಕೊಂಡು ಬಿಸಿ ರೊಟ್ಟಿ ಉಣ್ಣುವುದು ನಮ್ಮ ಸೀಮೆಯ ರೂಢಿ. ಈಗ ಕಾಗಿನೆಲೆಯಂಥ ಊರಿನ ಕಿರಾಣಿ ಅಂಗಡಿಗಳಲ್ಲಿ ಆ ಎಣ್ಣೆ ಅಪರೂಪ. ಕಾಣುವುದೆಲ್ಲ ಸೂರ್ಯಕಾಂತಿ, ಪಾಮ್ ಎಣ್ಣೆಯ ಪಾಕೀಟು. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಗಿ, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆಯ ರಫ್ತು ನಿಲ್ಲಿಸಿದಾಗ ಮಿರ್ಚಿ ಭಜಿ ಕರಿಯುವವರ ಬಾಣಲೆಗೂ ಬಿಸಿ ತಟ್ಟಿತು. ಈಚೆಗೆ ಆರೋಗ್ಯದ ಕಾಳಜಿಯಿಂದ ಜನ ರಿಫೈನ್ಡ್ ಬಿಟ್ಟು ಗಾಣದ ಎಣ್ಣೆ ಕೇಳತೊಡಗಿದ್ದಾರೆ. ಕಣ್ಣೆದುರೇ ಶೇಂಗಾ ಸುರಿದು, ಕರೆಂಟಿನ ಮರದ ಗಾಣದಿಂದ ಇಳಿಯುವ ಎಣ್ಣೆಯನ್ನು ಕ್ಯಾನಿಗೆ ತುಂಬಿಸಿಕೊಳ್ಳುವುದರಲ್ಲಿ ಒಂದು ನಂಬಿಕೆ ಇದೆ. ಆದರೆ ಕ್ವಿಂಟಲ್ ಶೇಂಗಾ ಬೀಜಕ್ಕೆ ಸಿಗುವುದು 40 ಕಿಲೋ ಆಸುಪಾಸು ಎಣ್ಣೆ, ಉಳಿದದ್ದು ದನದ ಹಿಂಡಿ; ಹಾಗಾಗಿ ಕೂಲಿಕಾರರ ಮನೆಗೆ ಅದು ಎಟುಕುವುದಿಲ್ಲ. ನನ್ನ ಸಂಕಟ ಹೊಲದ್ದು. ಬೇಡಿಕೆ ಮರಳಿದೆ, ಹೊಲದ ತುಂಬ ಮಾತ್ರ ಗೋವಿನಜೋಳ, ಹತ್ತಿ. ಮುಳ್ಳಿನ ಕುಸುಬಿ ಕೊಯ್ಯಲು ಆಳು ಸಿಗುವುದೂ ಕಷ್ಟ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಖಾದ್ಯತೈಲಗಳ ಮೂಲ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. ವರ್ಷವೂ ನಿಲ್ಲದ ಸುಂಕವನ್ನು ನಂಬಿ ಯಾವ ರೈತ ಎಣ್ಣೆಕಾಳು ಬಿತ್ತಿಯಾನು? ಕುಸುಬಿಗೆ ಬೆಂಬಲ ಬೆಲೆ ಘೋಷಿಸಿದರಷ್ಟೇ ಸಾಲದು. ಸುಗ್ಗಿಯ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲೇ ಖರೀದಿ ಕೇಂದ್ರ ತೆರೆದು ಆ ಬೆಲೆಗೆ ಕೊಳ್ಳಬೇಕು.