ಮೊಸಳೆಯ ಬಂಡೆ, ಮಗುವಿನ ಕೈಯ ಕಲ್ಲು

ಬೇಸಿಗೆ ರಜೆ ಬಂತೆಂದರೆ ಮೈಸೂರು, ಮಂಡ್ಯ ಸೀಮೆಯ ಸಂಸಾರಗಳು ಚಿಕ್ಕಮಕ್ಕಳನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋಗುವುದು ವಾಡಿಕೆ. ಶ್ರೀರಂಗಪಟ್ಟಣದ ಸಮೀಪ, ಕಾವೇರಿಯ ದಂಡೆಯ ಮೇಲೆ ನೆರಳು ತುಂಬಿದ ಉದ್ಯಾನ; ಎದುರಿಗೆ ಹೊಳೆಯ ನಡುವೆ ಹಕ್ಕಿಗಳು ಗೂಡು ಕಟ್ಟಿದ ತಿಟ್ಟುಗಳು. 17ನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಒಡ್ಡಿನಿಂದ ಈ ನಡುಗಡ್ಡೆಗಳು ಉಂಟಾದವೆಂದು ಹೇಳುತ್ತಾರೆ. ಮನುಷ್ಯ ತನಗೆ ನೀರು ಬೇಕೆಂದು ಮಾಡಿದ ಕೆಲಸ ಹಕ್ಕಿಗಳಿಗೆ ತವರುಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ರಾಮ್ಸಾರ್ ತಾಣಗಳ ಸಾಲಿಗೂ ಸೇರಿತು.

ಹಿರಿಯರು ಹೋಗುವುದು ಹಕ್ಕಿಗಳಿಗಾಗಿ. ಮಕ್ಕಳ ಕಣ್ಣು ನಾಟುವುದು ಮೊಸಳೆಯ ಮೇಲೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುತ್ತಾ ಮಲಗಿದ ಅದು ಎಷ್ಟು ಹೊತ್ತಾದರೂ ಅಲುಗುವುದಿಲ್ಲ. ಜೀವವಿದೆಯೋ ಬೊಂಬೆಯೋ ಎಂಬ ಅನುಮಾನ. ದಂಡೆಯಲ್ಲಿ ನಿಂತ ಐದಾರು ವರ್ಷದ ಹುಡುಗನ ಕೈ ತಾನಾಗಿಯೇ ನೆಲದ ಕಲ್ಲಿನತ್ತ ಹೋಗುತ್ತದೆ. "ಅಪ್ಪಾ, ಎಸೆದ್ರೆ ಅಲ್ಲಾಡುತ್ತಾ?" ಮರುಕ್ಷಣವೇ ಬೆನ್ನಿಗೆ ಒಂದು ಏಟು. "ಪಾಪ ಬರುತ್ತೆ, ಬಿಸಾಕು ಅದನ್ನ!" ಹುಡುಗ ಅಳುತ್ತಾನೆ. ಸುತ್ತ ನಿಂತವರು ತಿರುಗಿ ನೋಡುತ್ತಾರೆ. ಮೊಸಳೆ ಮಾತ್ರ ಇದ್ದಂತೆಯೇ ಇರುತ್ತದೆ. ಈ ಸನ್ನಿವೇಶದಲ್ಲಿ ಹಿಂಸೆ ನಡೆದದ್ದು ಯಾರಿಗೆ?

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ 'ವಧ' ಎಂದರೆ ಕೊಲ್ಲುವುದಲ್ಲ, ಹೊಡೆಯುವುದು. ಪ್ರವಚನಗಳಲ್ಲಿ ಇವನ್ನು ವಿವರಿಸುವಾಗ ಎತ್ತು, ಕುದುರೆಗಳ ಉದಾಹರಣೆ ಬರುತ್ತದೆ. ಮನೆಯ ಮಗುವಿನ ಉದಾಹರಣೆ ಬರುವುದು ಅಪರೂಪ. ಆದರೆ ಮಗುವೂ ಮನಸ್ಸುಳ್ಳ ಪಂಚೇಂದ್ರಿಯ ಜೀವವೇ. ತಂದೆಯ ಏಟು ಒಂದು ಅತಿಚಾರವಾದರೆ, "ಇವತ್ತು ನಿನಗೆ ಊಟ ಇಲ್ಲ" ಎಂದು ಗದರಿ ಹಾಗೆಯೇ ನಡೆಸುವುದು ಇನ್ನೊಂದು. ಅತಿಭಾರ ಎಂದಾಗ ಯಾರಿಗಾದರೂ ಶಾಲೆಯ ಚೀಲ ನೆನಪಾದರೆ ಅದರಲ್ಲಿ ತಪ್ಪಿಲ್ಲ.

ಹಾಗೆಂದು ಮಗುವನ್ನು ತಡೆಯಲೇಬಾರದೆಂದು ಅರ್ಥವಲ್ಲ. ಮೊಸಳೆಯಿರುವ ಹೊಳೆಯ ಅಂಚಿಗೆ ಓಡುವ ಮಗುವಿನ ರಟ್ಟೆ ಹಿಡಿದು ಹಿಂದಕ್ಕೆ ಎಳೆಯಲೇಬೇಕು. ಆ ಬಿಗಿ ಹಿಡಿತದಿಂದ ಅದಕ್ಕೆ ನೋವಾದರೂ ಸರಿಯೇ. ಪ್ರಮಾದಕ್ಕೆ ಒಳಗಾದ ಮನ-ವಚನ-ಕಾಯಗಳಿಂದ ಪ್ರಾಣಕ್ಕೆ ಒದಗುವ ಘಾತವನ್ನೇ ಉಮಾಸ್ವಾಮಿಗಳು ಹಿಂಸೆಯೆಂದು ಕರೆದರು. ರಟ್ಟೆ ಹಿಡಿದ ಕೈಯಲ್ಲಿ ಎಚ್ಚರವಿದೆ. ಬೆನ್ನಿಗೆ ಬಿದ್ದ ಕೈಯಲ್ಲಿ ಇರುವುದು ಕ್ರೋಧ. ಅದರ ಹಿಂದೆ ನಾಲ್ಕು ಜನರ ಮುಂದೆ ತಲೆತಗ್ಗಿಸಬೇಕಾಯಿತಲ್ಲ ಎಂಬ ಮಾನಕಷಾಯ. ಅಹಿಂಸೆಯನ್ನು ಕಷಾಯದಿಂದ ಕಲಿಸಹೊರಟರೆ ಮಗು ಕಲಿಯುವುದು ಕಷಾಯವನ್ನೇ.

ಇನ್ನು ಆ ಕಲ್ಲು. ಹುಡುಗನಿಗೆ ಮೊಸಳೆಯ ಮೇಲೆ ದ್ವೇಷವಿರಲಿಲ್ಲ. ಅವನ ಕೈ ನೀಡಿದ್ದು ಕುತೂಹಲಕ್ಕೆ. ಇಂಥದ್ದಕ್ಕೆಂದೇ ಜೈನಾಚಾರದಲ್ಲಿ ಒಂದು ಪ್ರತ್ಯೇಕ ಗುಣವ್ರತವಿದೆ: ಅನರ್ಥದಂಡವಿರತಿ. ಯಾವ ಪ್ರಯೋಜನವೂ ಇಲ್ಲದೆ ಜೀವಗಳನ್ನು ದಂಡಿಸದಿರುವುದು. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಇದರ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಸುಮ್ಮನೆ ನೆಲ ಕೆದಕುವುದು, ನೀರು ಚೆಲ್ಲುವುದು, ಗಿಡ ತರಿಯುವುದು ಅದರಲ್ಲಿ ಸೇರುತ್ತವೆ. ಉದ್ಯಾನಕ್ಕೆ ಹೋದ ಮಕ್ಕಳು ಮಾಡುವುದೆಲ್ಲ ಬಹುತೇಕ ಇದೇ ತಾನೆ! ಆದರೆ ಹುಲ್ಲಿನ ಮೇಲೆ ಕುಳಿತು ಹರಟುವ ದೊಡ್ಡವರ ಬೆರಳುಗಳನ್ನೂ ಒಮ್ಮೆ ಗಮನಿಸಬೇಕು. ಮಾತು ಮುಗಿಯುವಷ್ಟರಲ್ಲಿ ಅವರ ಪಕ್ಕದಲ್ಲಿ ಕಿತ್ತ ಗರಿಕೆಯ ಸಣ್ಣ ಗುಡ್ಡೆಯೇ ಬಿದ್ದಿರುತ್ತದೆ. ಕಿತ್ತವರಿಗೆ ಕಿತ್ತದ್ದು ತಿಳಿದಿರುವುದೂ ಇಲ್ಲ. ಮಗು ಕಲ್ಲೆತ್ತಿದ್ದು ಕಾಣುತ್ತದೆ, ತಾನು ಹುಲ್ಲು ಕಿತ್ತದ್ದು ಕಾಣುವುದಿಲ್ಲ.

"ಕಲ್ಲು ತಗುಲಲಿಲ್ಲವಲ್ಲ, ಬಿಡಿ" ಎಂದು ಮಗುವಿನ ಪರ ವಹಿಸುವವರೂ ಇರುತ್ತಾರೆ. ಈ ಮಾತಿಗೆ ಕನ್ನಡದಲ್ಲೇ ಉತ್ತರವಿದೆ. ಜನ್ನ ಕವಿ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯಲ್ಲಿ ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡೆಂದು ಮಗನನ್ನು ಒತ್ತಾಯಿಸುತ್ತಾಳೆ. ಜೀವಬಲಿಗೆ ಒಪ್ಪದ ಯಶೋಧರ, ತಾಯಿಯ ಮನಸ್ಸು ನೋಯದಿರಲೆಂದು ಹಿಟ್ಟಿನ ಕೋಳಿಯನ್ನು ಕತ್ತರಿಸುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಒಂದು ಜನ್ಮದಲ್ಲಿ ಮಗ ಹೊಳೆಯ ಮೀನು, ತಾಯಿ ಅದೇ ಹೊಳೆಯ ಮೊಸಳೆ. ಕಾವೇರಿಯ ದಂಡೆಯಲ್ಲಿ ಮೊಸಳೆಯನ್ನು ನೋಡುತ್ತಾ ಹೇಳಲು ಇದಕ್ಕಿಂತ ತಕ್ಕ ಕಥೆ ಬೇರೊಂದಿಲ್ಲ. ಆದರೆ "ಕಲ್ಲೆಸೆದರೆ ನೀನೂ ಮೊಸಳೆಯಾಗಿ ಹುಟ್ಟುತ್ತೀಯೆ" ಎಂದು ಹೆದರಿಸಲು ಇದನ್ನು ಬಳಸುವುದು ಕಥೆಗೆ ಬಗೆವ ಅನ್ಯಾಯ. ಅಲ್ಲಿ ದಾರಿ ತಪ್ಪಿಸಿದ್ದು ಹೆತ್ತವಳ ಮಾತು, ತಪ್ಪಿದ್ದು ಬಲ್ಲ ಮಗನ ವಿವೇಕ. ಕಥೆಯ ಭಾರ ದೊಡ್ಡವರ ಹೆಗಲ ಮೇಲಿದೆ.

ಮಕ್ಕಳ ಪ್ರಶ್ನೆಗಳು ಇಲ್ಲಿಗೇ ನಿಲ್ಲುವುದಿಲ್ಲ. ಕೊಕ್ಕರೆಯೊಂದು ಮೀನನ್ನು ಕಚ್ಚಿ ತಂದು ಮರಿಗೆ ಉಣಿಸುವುದನ್ನು ನೋಡಿದ ಮೊಮ್ಮಗಳು "ಅಜ್ಜಿ, ಕೊಕ್ಕರೆಗೆ ಪಾಪ ಬರಲ್ವಾ?" ಎಂದು ಕೇಳಿದರೆ ಅಜ್ಜಿ ಏನು ಹೇಳಬೇಕು? "ಅದರ ಸ್ವಭಾವ ಕಣಮ್ಮಾ" ಎಂದು ತೇಲಿಸಿಬಿಡುವುದು ಸುಲಭ. ಆದರೆ ಅದು ಪೂರ್ತಿ ಉತ್ತರವಲ್ಲ. ತಿರ್ಯಂಚ ಜೀವಗಳಿಗೂ ಕರ್ಮಬಂಧವಿದೆ ಎಂಬುದೇ ಸಿದ್ಧಾಂತ. ಹಾಗೆಯೇ ಮನಸ್ಸುಳ್ಳ ತಿರ್ಯಂಚರು ಅಣುವ್ರತಗಳನ್ನು ಧರಿಸಬಲ್ಲರೆಂಬುದೂ ಸಿದ್ಧಾಂತವೇ. ಮಹಾವೀರ ಸ್ವಾಮಿಯ ಜೀವ ಹಿಂದಿನ ಒಂದು ಭವದಲ್ಲಿ ಸಿಂಹವಾಗಿತ್ತು. ಬೇಟೆಯಾಡುತ್ತಿದ್ದ ಆ ಸಿಂಹ ಚಾರಣಮುನಿಗಳ ಬೋಧೆಯಿಂದ ಹಿಂಸೆ ತೊರೆದು ವ್ರತ ಹಿಡಿಯಿತು. ಇದನ್ನು ಕೇಳಿದ ಮಗು ಕೊಕ್ಕರೆಯನ್ನು ದೂಷಿಸದು, ಮೀನಿಗಾಗಿ ಮರುಗುವುದನ್ನೂ ಬಿಡದು. ಎರಡೂ ಜೀವಗಳ ಮೇಲೆ ಕರುಣೆ ಹುಟ್ಟಲು ಏಳು ವರ್ಷ ಚಿಕ್ಕ ವಯಸ್ಸೇನಲ್ಲ.

ಇಂಥ ಕಡೆ ಹೊತ್ತು ಕಳೆಯಲು ಹಳೆಯ ತಲೆಗಳು ಒಂದು ಆಟ ಕಟ್ಟಬಹುದು. ಮುನಿಗಳು ಈರ್ಯಾಸಮಿತಿಯಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯುತ್ತಾರೆ. ಮಕ್ಕಳಿಗೂ ಹಾಗೆ ನಡೆಯಲು ಹೇಳಿ, ಕಂಡ ಜೀವಕ್ಕೆ ಇಂದ್ರಿಯ ಎಷ್ಟೆಂದು ಎಣಿಸಲು ಹೇಳಿದರೆ ಸಾಕು. ಮರಕ್ಕೆ ಒಂದು, ಎರೆಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮೊಸಳೆಗೆ ಐದು. ಓಟ ತಾನಾಗಿ ನಿಧಾನವಾಗುತ್ತದೆ, ಕೂಗಾಟವೂ ತಗ್ಗುತ್ತದೆ. ಗೂಡಿನ ಹಕ್ಕಿಗಳಿಗೆ ಅಷ್ಟೇ ನೆಮ್ಮದಿ.

ಏಟು ತಿಂದ ಹುಡುಗನ ವಿಷಯ ಇನ್ನೂ ಉಳಿದಿದೆ. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಬಂಧುಗಳಿಂದ, ನೆರೆಹೊರೆಯವರಿಂದ ಕ್ಷಮೆ ಬೇಡುವ ಗೃಹಸ್ಥರು ತಮ್ಮ ಮನೆಯ ಮಕ್ಕಳ ಮುಂದೆ ಕೈಮುಗಿಯುವುದು ಕಡಿಮೆ. ಅದಕ್ಕೆ ಭಾದ್ರಪದದವರೆಗೆ ಕಾಯಬೇಕಾಗಿಲ್ಲ. ಅಲ್ಲಿಯೇ, ಆ ದಂಡೆಯಲ್ಲಿಯೇ ತಂದೆ ಮಂಡಿಯೂರಿ ಕುಳಿತು "ತಪ್ಪಾಯ್ತು ಮಗು, ಹೊಡೀಬಾರದಿತ್ತು" ಎನ್ನಬಹುದು. ಆಮೇಲೆ ಕಲ್ಲು ಎತ್ತಿದ ಜಾಗವನ್ನು ತೋರಿಸಬಹುದು. ಅಲ್ಲಿ ಅಂಗೈಯಗಲದ ತೇವದ ಮಣ್ಣು. ಬಿಳಿಯ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿಕೊಂಡು ದಿಕ್ಕೆಟ್ಟು ಓಡುವ ಇರುವೆಗಳು. ಹುಡುಗ ಕಣ್ಣೊರೆಸಿಕೊಂಡು ಬಗ್ಗಿ ನೋಡುತ್ತಾನೆ. ಅವು ಅತ್ತ ಸರಿಯುವವರೆಗೂ ಕಾಯುತ್ತಾನೆ. ಬಳಿಕ ಕಲ್ಲನ್ನು ಎರಡೂ ಕೈಗಳಲ್ಲಿ ಹಿಡಿದು, ಮೊದಲಿದ್ದ ಮಗ್ಗುಲಲ್ಲೇ, ಮೆಲ್ಲಗೆ ಕೆಳಗಿಡುತ್ತಾನೆ.