ಮುಕ್ತ ತಂತ್ರಾಂಶವನ್ನು ಕಾಯುವ ಹೊಣೆ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಪುಕ್ಕಟೆ ದೊರೆತುದನ್ನು ಅಳೆದು ನೋಡುವವನನ್ನು ಅದು ಹಾಸ್ಯಮಾಡುತ್ತದೆ. ಆದರೆ ಗಣಕಯಂತ್ರದ ಮುಕ್ತ ತಂತ್ರಾಂಶಗಳ ಮಟ್ಟಿಗೆ ಮೊಳ ಹಾಕಿ ನೋಡುವುದೇ ವಿವೇಕವೆಂದು ನನ್ನ ಅಭಿಪ್ರಾಯ.

ಒಂದು ಗಣಕಯಂತ್ರದೊಳಗೆ ತಂತ್ರಾಂಶದ ಬಲದಿಂದಲೇ ಇನ್ನೊಂದು ಯಂತ್ರವನ್ನು ಕಲ್ಪಿಸುವ ವಿದ್ಯೆಗೆ ವರ್ಚುವಲೈಸೇಶನ್ ಎಂದು ಹೆಸರು. ಕ್ಯೂಎಮು, ಕೆವಿಎಂ, ಝೆನ್, ವರ್ಚುವಲ್‌ಬಾಕ್ಸ್ ಎಂಬಿವು ಈ ಬಗೆಯ ಮುಕ್ತ ತಂತ್ರಾಂಶಗಳು. ಹೊಸ ಯಂತ್ರದಲ್ಲಿ ನಡೆಯದ ಹಳೆಯ ತಂತ್ರಾಂಶವನ್ನೂ ಇವುಗಳ ನೆರವಿನಿಂದ ನಡೆಸಬಹುದು. ಆದರೆ ಕಲ್ಪಿತ ಯಂತ್ರಕ್ಕೂ ಡಿಸ್ಕು, ಪರದೆ, ಜಾಲದ ಕಾರ್ಡು ಬೇಕು. ಅವುಗಳೊಡನೆ ವ್ಯವಹರಿಸಲು ಡ್ರೈವರ್ ಎಂಬ ಕಿರುತಂತ್ರಾಂಶವೂ ಬೇಕು.

ಡ್ರೈವರನ್ನು ನಮ್ಮ ಊರುಗಳ ಸಂಕಕ್ಕೆ ಹೋಲಿಸಬಹುದು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು; 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕಟ್ಟಿದವರಿಗೆ ಗೌರವ ಸಲ್ಲುವುದು ನ್ಯಾಯವೇ. ಆದರೆ ಹಗ್ಗಕ್ಕೆ ತುಕ್ಕು ಹಿಡಿಯದಂತೆ, ಹಲಗೆ ಸಡಿಲದಂತೆ ಪ್ರತಿ ಮಳೆಗಾಲವೂ ನೋಡಿಕೊಳ್ಳುವವರನ್ನು ಕೇಳುವವರಾರು? ನದಿಯ ದಡಗಳಾದರೂ ಇದ್ದಲ್ಲಿಯೇ ಇರುತ್ತವೆ. ಲಿನಕ್ಸಿನ ತಿರುಳಾದ ಕರ್ನಲ್ಲಿಗೋ ವರ್ಷಕ್ಕೆ ಐದಾರು ಹೊಸ ಆವೃತ್ತಿಗಳು. ದಡ ಸರಿದಂತೆಲ್ಲ ಸಂಕವನ್ನೂ ಹೊಂದಿಸಬೇಕಾಗುತ್ತದೆ. ಈ ದುಡಿಮೆಗೆ ಕೊನೆಯಿಲ್ಲ.

ದುಡಿಮೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಫ್ಲಾಪಿಯ ಕಥೆಯೇ ಸಾಕ್ಷಿ. ಕ್ಯೂಎಮುವಿನ ಕಲ್ಪಿತ ಫ್ಲಾಪಿ ನಿಯಂತ್ರಕದಲ್ಲಿ 2004ರಿಂದ ಅಡಗಿದ್ದ ದೋಷವೊಂದು 2015ರ ಮೇ ತಿಂಗಳಲ್ಲಿ ಬೆಳಕಿಗೆ ಬಂದಿತು. ವೆನಮ್ ಎಂದು ಹೆಸರಾದ ಈ ದೋಷದಿಂದ, ಕಲ್ಪಿತ ಯಂತ್ರದೊಳಗೆ ಸೇರಿದ ದುಷ್ಟನು ಹೊರಗಿನ ನಿಜವಾದ ಯಂತ್ರಕ್ಕೇ ನುಗ್ಗಬಹುದಾಗಿತ್ತು. ಅದೇ ಬರಹವನ್ನು ಬಳಸಿಕೊಂಡಿದ್ದ ಝೆನ್, ಕೆವಿಎಂ, ವರ್ಚುವಲ್‌ಬಾಕ್ಸ್‌ಗಳಿಗೂ ಅಪಾಯ ತಟ್ಟಿತು. 2019ರಲ್ಲಿ ಲಿನಸ್ ಟೊರ್ವಾಲ್ಡ್ಸರು ಲಿನಕ್ಸಿನ ಫ್ಲಾಪಿ ಡ್ರೈವರನ್ನು ಅನಾಥವೆಂದು ಘೋಷಿಸಿದರು. ಆದರೂ ಕಲ್ಪಿತ ಯಂತ್ರಗಳಲ್ಲಿ ಅದರ ಬಳಕೆ ಉಳಿದಿದ್ದುದರಿಂದ ಕಿತ್ತೆಸೆಯುವಂತಿರಲಿಲ್ಲ. ಮುಂದೆ ಒಬ್ಬರು ಅದರ ಹೊಣೆ ಹೊತ್ತರು.

ಹಳೆಯದನ್ನೆಲ್ಲ ಕೈಬಿಟ್ಟರೆ ಈ ತೊಂದರೆಯೇ ಇಲ್ಲವಲ್ಲ ಎಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸಂಬಳವಿಲ್ಲದೆ ದುಡಿಯುವವರ ಮೇಲೆ ಎಂದೆಂದಿಗೂ ಹೊರೆ ಹೇರುವುದು ಧರ್ಮವಲ್ಲ. ದೀರ್ಘಾವಧಿ ಕರ್ನಲ್‌ಗಳ ಪೋಷಣೆಯನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುವುದಾಗಿ 2023ರಲ್ಲಿ ಪ್ರಕಟವಾದುದಕ್ಕೂ ಪೋಷಕರ ಆಯಾಸವೇ ಒಂದು ಕಾರಣವಾಗಿತ್ತು. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರ ಸ್ಥಿತಿಯನ್ನೂ ಯೋಚಿಸಬೇಕು. ನಮಗೆ ಸಿಗುವುದು ಇನ್ನೊಬ್ಬರು ಬಳಸಿ ಬಿಟ್ಟ ಯಂತ್ರ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿದ ಮೇಲೆ ಅಂಥ ಎಷ್ಟೋ ಯಂತ್ರಗಳಿಗೆ ಲಿನಕ್ಸೇ ಆಸರೆ. ಅದರಲ್ಲಿಯೂ ಡ್ರೈವರ್ ಇಲ್ಲವೆಂದಾದರೆ ನಮ್ಮ ಓದಿಗೆ ದಾರಿ ಯಾವುದು?

ಖರ್ಚನ್ನು ಹಂಚಿಕೊಳ್ಳುವುದೇ ಇದಕ್ಕೆ ಪರಿಹಾರ. ಗಡಿಯಾಚೆಯ ಕೇರಳದಲ್ಲಿ, ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿದಂತೆ, ಸರಕಾರಿ ಶಾಲೆಗಳ ಗಣಕ ಪಾಠವು ಮುಕ್ತ ತಂತ್ರಾಂಶದಲ್ಲಿಯೇ ನಡೆಯುತ್ತದೆ. ಅದನ್ನು ಶಾಲೆಗೆ ತಕ್ಕಂತೆ ಸಿದ್ಧಪಡಿಸುವ ಕೆಲಸವನ್ನು ಕೈಟ್ ಎಂಬ ಸರಕಾರಿ ಸಂಸ್ಥೆ ವಹಿಸಿಕೊಂಡಿದೆ. ಪರವಾನಗಿ ಶುಲ್ಕ ಉಳಿಸಿದ ಸರಕಾರಗಳೂ ಸಂಸ್ಥೆಗಳೂ ಉಳಿತಾಯದ ಒಂದು ಪಾಲನ್ನು ಡ್ರೈವರ್ ಕಾಯುವವರ ವೇತನಕ್ಕೆ ಮೀಸಲಿಡಬೇಕು.

ವಿದ್ಯಾರ್ಥಿಗಳಾದ ನಾವೂ ಕೈಕಟ್ಟಿ ಕೂರಬೇಕಾಗಿಲ್ಲ. ಕಡಬದ ಮೂಲೆಯಲ್ಲಿ ಒಂದು ಹಳೆಯ ಕಾರ್ಡು ಇನ್ನೂ ಬಳಕೆಯಲ್ಲಿದೆಯೆಂದು ನಾವೇ ತಿಳಿಸದಿದ್ದರೆ, ದೂರದೇಶದ ಪೋಷಕನಿಗೆ ಅದು ಗೊತ್ತಾಗುವುದೆಂತು? ಪ್ರಯೋಗಾಲಯದಲ್ಲಿ ಒಂದು ದಾಖಲೆ ಪುಸ್ತಕವನ್ನಿಡೋಣ. ಯಾವ ಯಂತ್ರ, ಯಾವ ಡ್ರೈವರ್, ಯಾವ ಆವೃತ್ತಿಯಲ್ಲಿ ಕೆಟ್ಟಿತೆಂಬುದನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಸಂಬಂಧಪಟ್ಟವರಿಗೆ ಕಳುಹಿಸೋಣ. ಹೊಸ ಆವೃತ್ತಿಗಳನ್ನು ಪರೀಕ್ಷಿಸಿ ನೋಡೋಣ. ಕಾಸಿನ ಖರ್ಚಿಲ್ಲದ ಈ ಕೆಲಸಕ್ಕೆ ಗುರುಗಳ ಒಪ್ಪಿಗೆ ದೊರೆಯುವುದೆಂದು ನಂಬಿದ್ದೇನೆ.