ಮೂಲಿಕೆಗೆ ಸಲ್ಲಬೇಕಾದ ಪರೀಕ್ಷೆ

ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಮೆಣಸು, ಬೆಳ್ಳುಳ್ಳಿಗಳನ್ನು ಕೂಡಿಸಿ ಕಷಾಯ ಮಾಡಿ ಕುಡಿಯುವ ಪದ್ಧತಿ ಇಂದಿಗೂ ಉಳಿದುಬಂದಿದೆ. ಇಂತಹ ಪದ್ಧತಿಗಳನ್ನು ಕುರಿತು ವಿದ್ಯಾವಂತರಲ್ಲಿ ಎರಡು ಮನೋಧರ್ಮಗಳುಂಟು: ಪೂರ್ವಿಕರು ಹೇಳಿದರೆಂಬ ಕಾರಣಕ್ಕೆ ಎಲ್ಲವನ್ನೂ ಪ್ರಮಾಣವೆಂದು ಸ್ವೀಕರಿಸುವುದು ಒಂದು, ಅದೇ ಕಾರಣಕ್ಕೆ ಎಲ್ಲವನ್ನೂ ತಳ್ಳಿಹಾಕುವುದು ಇನ್ನೊಂದು. ಪರೀಕ್ಷಿಸುವ ಶ್ರಮವನ್ನು ತಪ್ಪಿಸಿಕೊಳ್ಳುವುದರಲ್ಲಿ ಇವೆರಡಕ್ಕೂ ಭೇದವಿಲ್ಲ.

ಆ ಶ್ರಮವು ಎಂತಹ ಫಲವನ್ನು ಕೊಡಬಲ್ಲುದೆಂಬುದಕ್ಕೆ ಚೀನದ ದೃಷ್ಟಾಂತವೇ ಸಾಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1967ರಲ್ಲಿ, ಮಲೇರಿಯಕ್ಕೆ ಮದ್ದನ್ನು ಅರಸುವ ಗುಪ್ತ ಯೋಜನೆಯೊಂದು ಅಲ್ಲಿ ಆರಂಭವಾಯಿತು. ಅದರಲ್ಲಿ ದುಡಿದ ತು ಯೂಯೂ ಎಂಬ ವಿದುಷಿ ಪ್ರಾಚೀನ ವೈದ್ಯಗ್ರಂಥಗಳನ್ನು ಶೋಧಿಸಿ, ನೂರಾರು ಸಸ್ಯಸಾರಗಳನ್ನು ಇಲಿಗಳ ಮೇಲೆ ಪ್ರಯೋಗಿಸಿದರು. ಚಿಂಗ್‌ಹಾವ್ ಎಂಬ ಗಿಡದ ಸಾರವು ಮೊದಲು ಆಸೆ ಹುಟ್ಟಿಸಿ, ಮರುಪ್ರಯೋಗದಲ್ಲಿ ನಿರಾಶೆಗೊಳಿಸಿತು. ಆಗ, ನಾಲ್ಕನೆಯ ಶತಮಾನದ ಗೆ ಹೊಂಗನ ಗ್ರಂಥದಲ್ಲಿ, ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಬೇಕೆಂಬ ಸೂಚನೆಯನ್ನು ಅವರು ಮತ್ತೊಮ್ಮೆ ಗಮನವಿಟ್ಟು ಓದಿದರು. ಕುದಿಸಬೇಕೆಂಬ ಮಾತು ಅಲ್ಲಿರಲಿಲ್ಲ. ಗುಣವು ಶಾಖದಿಂದಲೇ ನಷ್ಟವಾಗುತ್ತಿರಬಹುದೆಂದು ತರ್ಕಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕುದಿಯುವ ಈಥರಿನಿಂದ ಸಾರವನ್ನು ತೆಗೆದು ಕೊಟ್ಟಾಗ, 1971ರ ಅಕ್ಟೋಬರಿನಲ್ಲಿ, ಇಲಿಗಳ ರಕ್ತದಲ್ಲಿದ್ದ ಪರೋಪಜೀವಿಗಳು ನಿಶ್ಶೇಷವಾದುವು. ರೋಗಿಗಳಿಗೆ ಕೊಡುವ ಮುನ್ನ ಅವರೂ ಸಹೋದ್ಯೋಗಿಗಳೂ ಆ ಮದ್ದನ್ನು ತಾವೇ ಸೇವಿಸಿ ನೋಡಿದರು. ಆರ್ಟಿಮಿಸಿನಿನ್ ಲೋಕಕ್ಕೆ ದೊರೆತದ್ದು ಹೀಗೆ. 2015ರ ನೊಬೆಲ್ ಪಾರಿತೋಷಕವು ಅದಕ್ಕೆ ಸಂದ ಮನ್ನಣೆ.

ಪರೀಕ್ಷೆಯ ಉತ್ತರ ಯಾವಾಗಲೂ ಅನುಕೂಲವಾಗಿಯೇ ಇರಬೇಕೆಂಬ ನಿಯಮವಿಲ್ಲ. ಅದೇ ಹಾಲೆಮರದ ತೊಗಟೆಯೂ ಸೇರಿರುವ ಆಯುಷ್-64 ಎಂಬ ಯೋಗವನ್ನು ವೈವಾಕ್ಸ್ ಮಲೇರಿಯದ ರೋಗಿಗಳಿಗೆ ಕೊಟ್ಟು ಕ್ಲೋರೋಕ್ವಿನ್‌ನೊಡನೆ ಹೋಲಿಸಿದ ಪರಿಣಾಮವು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2000ದಲ್ಲಿ ಪ್ರಕಟವಾಯಿತು. ಕ್ಲೋರೋಕ್ವಿನ್ ಎಲ್ಲರನ್ನೂ ಗುಣಪಡಿಸಿದ್ದರೆ, ಆಯುಷ್-64 ಸುಮಾರು ಅರ್ಧದಷ್ಟು ಮಂದಿಯನ್ನು ಮಾತ್ರ ಗುಣಪಡಿಸಿತ್ತು. ಇದನ್ನು ಪರಂಪರೆಗೆ ಆದ ಅವಮಾನವೆಂದು ಭಾವಿಸತಕ್ಕದ್ದಲ್ಲ. ಜ್ವರಪೀಡಿತನಿಗೆ ಯಾವುದನ್ನು ಕೊಡಬೇಕೆಂಬ ಪ್ರಶ್ನೆಗೆ ದೊರೆತ ಪ್ರಾಮಾಣಿಕ ಉತ್ತರವಿದು.

ಆದುದರಿಂದ ನಾಟಿ ವೈದ್ಯರ ಅರಿವನ್ನು, ಯಾವ ಗಿಡ, ಯಾವ ಭಾಗ, ಯಾವ ಕಾಲ, ಯಾವ ಪಾಕವೆಂಬ ವಿವರಗಳೊಡನೆ ದಾಖಲಿಸಿ, ಪ್ರಯೋಗಶಾಲೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಪರೀಕ್ಷಿಸಿ, ಗೆದ್ದುದನ್ನೂ ಸೋತುದನ್ನೂ ಸಮಾನವಾಗಿ ಪ್ರಕಟಿಸುವ ಕಾರ್ಯವನ್ನು ಸರ್ಕಾರವು ಕೈಗೊಳ್ಳಬೇಕು. ಅದರಿಂದ ಲಾಭ ಬಂದರೆ ಆ ವೈದ್ಯರಿಗೂ ಪಾಲು ಸಲ್ಲಬೇಕು. ಅಲ್ಲಿಯವರೆಗೆ ಚಳಿಜ್ವರ ಬಂದವರು ರಕ್ತಪರೀಕ್ಷೆ ಮಾಡಿಸಿಕೊಂಡು ಸಿದ್ಧಪಟ್ಟ ಔಷಧವನ್ನೇ ಸೇವಿಸಬೇಕು. ಪೂರ್ವಿಕರು ನಮಗೆ ಬಿಟ್ಟುಹೋದದ್ದು ಅನುಭವವನ್ನು. ಅದನ್ನು ಒರೆಗೆ ಹಚ್ಚಿ ನೋಡುವ ಹೊಣೆ ನಮ್ಮದು.